ಒಂಟಿ ಕೊಕ್ಕೆ

ನಮ್ಮೂರಿನಲ್ಲಿ ಗಂಡ ಹೆಂಡತಿಗೆ ಜಗಳ ಆಡಬೇಕೆನಿಸಿದರೆ ಮೊದಲು ಚಪ್ಪಲಿ ಮೆಟ್ಟಿಕೊಳ್ಳುತ್ತಾರೆ. ಸೂರಿನ ಕೆಳಗೆ ಆಡಿದ ಮಾತು ಬೆಳಗಾಗುವುದರೊಳಗೆ ಮಾತಿನ ಕಚೇರಿಯ ಯಂತ್ರದಲ್ಲಿ ಸಾಲುಸಾಲಾಗಿ ಬಂದು ಕೂತಿರುತ್ತದೆ. ಸಾಲಿನ ತಲೆಗೆ ಮನೆಯ ನಂಬರು, ಅದರ ಹಿಂದೆ ಆಡಿದ್ದು ಆಡಿದ ಹಾಗೆ. ಬೀದಿಯಲ್ಲಿ ಆಡಿದ್ದು ಯಂತ್ರಕ್ಕೆ ಹೋಗುವುದಿಲ್ಲ, ಆದರೆ ಬೀದಿಯಲ್ಲಿ ಅಕ್ಕಪಕ್ಕದವರ ಕಿವಿ ಇರುತ್ತದೆ. ಹಾಗಾಗಿ ಉಳಿದದ್ದು ಊರಾಚೆಯ ಸೇತುವೆ. ಸಂಜೆ ಅಲ್ಲಿ ಹೋಗಿ ನೋಡಬೇಕು: ಅತ್ತೆ ಸೊಸೆ ಒಂದು ಕಂಬದ ಹತ್ತಿರ, ಪಾಲಿನ ವಿಚಾರಕ್ಕೆ ಬಂದ ಅಣ್ಣತಮ್ಮಂದಿರು ಇನ್ನೊಂದು ಕಂಬದ ಹತ್ತಿರ, ನಡುವೆ ಟೀ ಮಾರುವ ಯಂಕೋಬ ಯಾರ ಮುಖವನ್ನೂ ನೋಡದೆ ಲೋಟ ಕೊಟ್ಟು ಮುಂದೆ ಹೋಗುತ್ತಾನೆ. ಪುರಸಭೆಯವರು ಕೂರಲು ಕಲ್ಲುಬೆಂಚು ಹಾಕಿಸಿದ್ದಾರೆ. ‘ಸೇತುವೆಗೆ ಹೋಗೋಣ ಬಾ’ ಎಂದು ಯಾರಾದರೂ ಕರೆದರೆ, ಕರೆದದ್ದು ಗಾಳಿ ಸೇವನೆಗಲ್ಲ ಎಂದು ನಮ್ಮೂರಿನ ಎಳೆ ಮಗುವಿಗೂ ಗೊತ್ತು. ಬಾಯಿಬಿಟ್ಟು ಕರೆಯಲಾಗದಿದ್ದರೆ ಅಂಗೈಯನ್ನು ಕಮಾನಿನ ಹಾಗೆ ಬಗ್ಗಿಸಿ ತೋರಿಸುತ್ತಾರೆ.

ನಾನು ಆ ಕಚೇರಿಯಲ್ಲಿ ಹುಡುಕುವ ಕೆಲಸದವನು. ಹದಿನೈದು ತುಂಬಿದ ಯಾರು ಬೇಕಾದರೂ ವರ್ಷಕ್ಕೊಮ್ಮೆ ಬಂದು, ಊರಿನ ಮಾತಿನಲ್ಲಿ ತನ್ನ ಹೆಸರು ಎಲ್ಲೆಲ್ಲಿ ಬಂದಿದೆ ಎಂದು ಕೇಳಬಹುದು. ತನ್ನದು ಮಾತ್ರ, ಬೇರೆಯವರದಲ್ಲ. ಹಿಂದಿನ ದಿನವೇ ಹೆಸರು ಕೊಟ್ಟು ಹೋಗಬೇಕು. ಮಾರನೆಯ ದಿನ ಅವರೆದುರಿಗೇ ಹುಡುಕಿ, ಸಿಕ್ಕ ಸಾಲುಗಳನ್ನು ನಾನು ಓದಿ ಹೇಳಬೇಕು. ಪರದೆ ಅವರಿಗೂ ಕಾಣುವಂತೆ ಇರಬೇಕು. ಕಚೇರಿಗೆ ಎರಡು ಕಿಟಕಿ. ಮದುವೆಯಾದವರು, ವಯಸ್ಸಾದವರು ನನ್ನ ಕಿಟಕಿಗೆ; ಹುಡುಗ ಹುಡುಗಿಯರು ಫ್ಲೋರಾ ಮೇಡಂ ಕಿಟಕಿಗೆ. ನಡುವೆ ಹಲಗೆಯ ತಡಿಕೆ. ಕಚೇರಿ ಮುಗಿಸಿ ನಾನು ಹಿಟ್ಟಿನ ಗಿರಣಿಯಲ್ಲಿ ಇನ್ನೊಂದು ಪಾಳಿ ಮಾಡುತ್ತೇನೆ. ಹೆಂಡತಿ ಪ್ರಭಾವತಿ ಬೆಳಕು ಹರಿಯುವ ಮೊದಲೇ ಹೆಂಚಿನ ಕಾರ್ಖಾನೆಗೆ ಹೊರಡುತ್ತಾಳೆ. ನಾವಿಬ್ಬರೂ ಎದುರಾಬದುರಾಗಿ ಕೂತು ಉಣ್ಣುವುದು ಹಬ್ಬಕ್ಕೆ. ಇಷ್ಟೆಲ್ಲ ಮಗಳು ವಾರಿಜಳಿಗಾಗಿ ಎಂದು ನಾನು ಊರಿಗೆಲ್ಲ ಹೇಳಿಕೊಂಡು ತಿರುಗಿದ್ದೇನೆ.

ಯಂತ್ರ ಹಳೆಯ ಕಾಲದ ಯುನಿಕ್ಸ್ ಯಂತ್ರ. ಚಿತ್ರಗಿತ್ರ ಏನೂ ಇಲ್ಲ. ಕಪ್ಪು ಪರದೆ, ಅದರ ಮೇಲೆ ಅಕ್ಷರ, ಅಷ್ಟೇ. ಬರೆದದ್ದನ್ನು ಓದಬಹುದು, ಅಳಿಸಲು ಬರುವುದಿಲ್ಲ. ಕೇಳಿದ್ದನ್ನು ಚೊಕ್ಕವಾಗಿ ಬರೆಯುವ ಚಪಲ ಅದಕ್ಕೆ: ರೂಪಾಯಿ ಎಂದರೆ ರೂಪಾಯಿಯ ಗುರುತನ್ನೇ ಹಾಕುತ್ತದೆ, ಎಂಟಾಣೆಯನ್ನೂ ಅಂಕಿಯಲ್ಲೇ ಬರೆಯುತ್ತದೆ. ಹುಡುಕಲು ಗ್ರೆಪ್ ಎಂಬ ಆಜ್ಞೆ. ಬಂದವರ ಹೆಸರನ್ನು ನಾವು ಮೊದಲು ‘ಯಾರು’ ಎಂಬ ಒಂದು ಡಬ್ಬಿಯಲ್ಲಿ ಹಾಕಿಟ್ಟುಕೊಳ್ಳುತ್ತೇವೆ. ಆಮೇಲೆ ಡಾಲರ್ ಗುರುತು ಸೇರಿಸಿ $ಯಾರು ಎಂದು ಹೊಡೆದರೆ ಯಂತ್ರ ಡಬ್ಬಿಯೊಳಗಿನ ಹೆಸರನ್ನು ತೆಗೆದು ಊರು ಆಡಿದ್ದೆಲ್ಲ ಇರುವ ‘ಮಾತು’ ಎಂಬ ಕಡತದಲ್ಲಿ ಹುಡುಕುತ್ತದೆ. ಹೆಸರು ಬದಲಾಗುತ್ತಾ ಹೋಗುತ್ತದೆ, ಆಜ್ಞೆ ಅದೇ.

ನನಗೆ ಕೆಲಸ ಕಲಿಸಿದವರು ಜಿನದತ್ತಯ್ಯ. $ಯಾರು ಎಂಬುದನ್ನು ಯಾವತ್ತೂ ಬರಿಮೈಯಲ್ಲಿ ಬಿಡಬೇಡ, ಎರಡೂ ಕಡೆ ಉದ್ಧರಣೆಯ ಕೊಕ್ಕೆ ಹಾಕು ಎಂದು ಅವರು ಮೊದಲ ದಿನವೇ ಹೇಳಿದ್ದರು. ಕೊಕ್ಕೆ ಇಲ್ಲದೆ ‘ಹೊಸಮನೆ ಪದ್ಮಾವತಮ್ಮ’ನನ್ನು ಹುಡುಕಿದರೆ ಯಂತ್ರ ಹೆಸರನ್ನು ಎರಡು ತುಂಡು ಮಾಡಿ, ಹೊಸಮನೆಯನ್ನು ಹುಡುಕಲು ಹೊರಟು, ಪದ್ಮಾವತಮ್ಮ ಎಂಬ ಕಡತ ಎಲ್ಲಿದೆ ಎಂದು ನಮ್ಮನ್ನೇ ಕೇಳುತ್ತದೆ. ಡಬ್ಬಿ ತುಂಬುವುದನ್ನೇ ಮರೆತರಂತೂ ದೊಡ್ಡ ಅನಾಹುತ; ಖಾಲಿ ಹೆಸರು ಎಲ್ಲ ಸಾಲಿನಲ್ಲೂ ಇದೆ ಎಂದುಕೊಂಡು ಊರಿನ ಮಾತನ್ನೆಲ್ಲ ಒಂದೇ ಸಮನೆ ಸುರಿಯುತ್ತದೆ. ಜಿನದತ್ತಯ್ಯನವರ ಕಾಲದಲ್ಲಿ ಹಾಗೆ ಒಮ್ಮೆ ಆಗಿ, ಅವರು ಪರದೆಯ ಮೇಲೆ ತಮ್ಮ ಪಂಚೆಯನ್ನೇ ಹೊದಿಸಿ ನಿಂತಿದ್ದರಂತೆ.

ಕೊಕ್ಕೆಯಲ್ಲಿ ಎರಡು ಬಗೆ. ಜೋಡಿ ಕೊಕ್ಕೆ ಹಾಕಿ "$ಯಾರು" ಎಂದರೆ ಅದು ಗಾಜಿನ ಮುಚ್ಚಳವಿದ್ದ ಹಾಗೆ, ಯಂತ್ರಕ್ಕೆ ಒಳಗಿನ ಹೆಸರು ಕಾಣುತ್ತದೆ. ಒಂಟಿ ಕೊಕ್ಕೆ ಹಾಕಿ '$ಯಾರು' ಎಂದರೆ ತಗಡಿನ ಮುಚ್ಚಳ. ಯಂತ್ರ ಡಬ್ಬಿ ತೆರೆಯುವುದೇ ಇಲ್ಲ. ಮೇಲೆ ಅಂಟಿಸಿದ ಚೀಟಿಯನ್ನೇ ಹೆಸರೆಂದು ತಿಳಿದು, ಡಾಲರ್ ಗುರುತಿನ ಹಿಂದೆ ‘ಯಾರು’ ಎಂದಿರುವ ಸಾಲನ್ನು ಹುಡುಕಿಕೊಂಡು ಹೋಗುತ್ತದೆ. ಅಂಥ ಮಾತನ್ನು ಊರಿನಲ್ಲಿ ಯಾರು ಆಡುತ್ತಾರೆ? ಏನೂ ಸಿಗುವುದಿಲ್ಲ. ಬರಿಗೈಯಲ್ಲಿ ವಾಪಸು ಬರುತ್ತದೆ.

ಮೊದಲ ಸಲ ಅದು ಕೈತಪ್ಪಿ ಆದದ್ದು. ತಾಯಕ್ಕ ಎಂಬ ಮುದುಕಿ ಕಿಟಕಿಯ ಸರಳು ಹಿಡಿದು ನಿಂತಿದ್ದಳು. ಅವಳ ಹೆಸರಿನಲ್ಲಿ ಏನಿದೆ ಎಂದು ನಾನು ಮುಂಚೆಯೇ ನೋಡಿಟ್ಟುಕೊಂಡಿದ್ದೆ. ಸೊಸೆ ಆಡಿದ ಮಾತು, ಓದಲು ನಾಲಿಗೆ ಏಳದಂಥದ್ದು. ನಮ್ಮ ಕಡೆ ಹಿರಿಯರ ಹೆಸರನ್ನು ಮನೆಯೊಳಗೆ ಯಾರೂ ಎತ್ತುವುದಿಲ್ಲ. ಅತ್ತೆ, ಮಾವ, ಅಜ್ಜಿ, ಅವರು, ಇವರು ಎಂದೇ ದಿನ ಕಳೆಯುತ್ತದೆ. ಹೆಸರು ಹಿಡಿದರೆ ಅದು ಬಯ್ಯಲಿಕ್ಕೇ. ಬೆರಳು ತಪ್ಪಿ ಜೋಡಿ ಕೊಕ್ಕೆಯ ಬದಲು ಒಂಟಿ ಕೊಕ್ಕೆ ಬಿತ್ತು. ಪರದೆ ಖಾಲಿ. ಏನೂ ಇಲ್ಲ ತಾಯಕ್ಕ, ನಿಮ್ಮ ಹೆಸರೇ ಬಂದಿಲ್ಲ ಎಂದೆ. ಅವಳು ಬಾಯಿಗೆ ಸೆರಗು ಹಿಡಿದು ನಕ್ಕ ನಗು ನನ್ನ ಕಣ್ಣಿಗೆ ಕಟ್ಟಿದೆ. ಮಾರನೆಯ ದಿನ ಒಂದು ಕಟ್ಟು ನುಗ್ಗೆಕಾಯಿ ಕಳಿಸಿದಳು.

ಅಲ್ಲಿಂದ ಮುಂದೆ ಅದು ಕೈತಪ್ಪಲಿಲ್ಲ, ಕೈರೂಢಿಯಾಯಿತು. ಯಾರಿಗೆ ಕೇಳಿ ತಡೆದುಕೊಳ್ಳುವ ಶಕ್ತಿ ಇದೆ, ಯಾರಿಗಿಲ್ಲ ಎಂದು ನಾನೇ ತೀರ್ಮಾನ ಮಾಡುತ್ತಿದ್ದೆ. ಗಟ್ಟಿಗರಿಗೆ ಜೋಡಿ, ಮೆತ್ತಗಿನವರಿಗೆ ಒಂಟಿ. ದಿನ ಕಳೆದಂತೆ ಎಲ್ಲರೂ ಮೆತ್ತಗಿನವರಾಗಿಯೇ ಕಾಣತೊಡಗಿದರು. ದಣಿದವನಿಗೆ ಒಂಟಿ ಕೊಕ್ಕೆ ಬಹಳ ಅನುಕೂಲ, ಓದುವುದೇನೂ ಇರುವುದಿಲ್ಲ, ಕಣ್ಣೀರು ನೋಡುವುದೂ ಇರುವುದಿಲ್ಲ. ಧರಣಪ್ಪನ ಕೈ ಒಳ್ಳೇದು, ಅವನು ಹುಡುಕಿದರೆ ಏನೂ ಬರಲ್ಲ ಎಂದು ಊರಿನವರು ಆಡಿಕೊಂಡರು. ನನಗೆ ಹೆಮ್ಮೆ. ತಡಿಕೆಯ ಆಚೆ ಫ್ಲೋರಾ ಮೇಡಂ ಒಂದೊಂದು ಹುಡುಗಿಗೆ ಅರ್ಧರ್ಧ ದಿನ ಹಿಡಿಯುತ್ತಿದ್ದರು. ತಗ್ಗಿದ ದನಿಯಲ್ಲಿ ಓದುತ್ತಲೇ ಇರುತ್ತಿದ್ದರು, ನಡುನಡುವೆ ಇಬ್ಬರೂ ನಗುತ್ತಿದ್ದರು. ನಿಮ್ಮದು ನಿಧಾನದ ಕೈ ಮೇಡಂ, ಎಂದು ಊಟದ ಹೊತ್ತಿನಲ್ಲಿ ಚುಡಾಯಿಸುತ್ತಿದ್ದೆ. ಅವರು ಚಪಾತಿ ಮುರಿಯುತ್ತ, ಇರಲಿ ಬಿಡಿ ಎನ್ನುತ್ತಿದ್ದರು. ಯಾಕೆ ಅಷ್ಟು ಹೊತ್ತು ಹಿಡಿಯುತ್ತದೆ ಎಂದು ನಾನು ಒಮ್ಮೆಯೂ ಯೋಚಿಸಲಿಲ್ಲ.

ಈಗ ನನ್ನ ಮನೆಯ ಮಾತು. ಹೋದ ಸುಗ್ಗಿಯಲ್ಲಿ ಗಿರಣಿಯ ಮುಂದೆ ಗಾಡಿ ಸಾಲುಗಟ್ಟಿ ನಿಂತಿದ್ದವು. ಮನೆಗೆ ಬಂದಾಗ ರೆಪ್ಪೆಯ ಮೇಲೂ ಹಿಟ್ಟು. ಪ್ರಭಾವತಿ ಬೆನ್ನಿಗೆ ಬಿಸಿನೀರಿನ ಬಟ್ಟೆ ಇಟ್ಟುಕೊಂಡು ಕೂತಿದ್ದಳು. ವಾರಿಜಳಿಗೆ ನಾಳೆ ಶಾಲೆಯಲ್ಲಿ ಹಾಡಿನ ಸ್ಪರ್ಧೆ, ಪಕ್ಕದ ಊರಿಗೆ ಕರೆದುಕೊಂಡು ಹೋಗಬೇಕು, ಬಿಳಿ ಲಂಗ ಇನ್ನೂ ಒಣಗಿಲ್ಲ ಎಂದಳು. ಅಷ್ಟೇ ಅವಳು ಹೇಳಿದ್ದು. ನನ್ನ ಬಾಯಿಂದ ಬಂದದ್ದು ಇದು: ‘ಈ ವಾರಿಜ ಒಬ್ಬಳು ಇಲ್ದೇ ಇದ್ದಿದ್ರೆ ನಾವಿಬ್ರೂ ಮನುಷ್ಯರ ಹಾಗೆ ಬದುಕಬಹುದಿತ್ತು.’

ಪ್ರಭಾವತಿ ತಕ್ಷಣ ಅಂಗೈ ಬಗ್ಗಿಸಿ ತೋರಿಸಿದಳು. ಆಡುವುದಿದ್ದರೆ ಸೇತುವೆಗೆ ನಡೆ ಎಂದು. ಅಷ್ಟು ದೂರ ಯಾರು ನಡೀತಾರೆ ಎಂದು ನಾನು ಗೋಡೆಗೊರಗಿದೆ. ವಾರಿಜ ಒಳಗೆ ಮಲಗಿದ್ದಳು, ಅವಳ ಕಿವಿಗೆ ಬಿದ್ದಿರಲಿಲ್ಲ. ಆದರೆ ಬೆಳಿಗ್ಗೆ ಕಚೇರಿಗೆ ಹೋಗಿ ‘ಮನುಷ್ಯರ ಹಾಗೆ’ ಎಂಬ ಎರಡು ಪದ ಹಾಕಿ ಹುಡುಕಿದೆ. ನಮ್ಮ ಮನೆಯ ನಂಬರು ನಲವತ್ತಾರು, ಅದರ ಹಿಂದೆ ನನ್ನ ಮಾತು, ಒಂದಕ್ಷರ ಅತ್ತಿತ್ತ ಆಗದೆ.

ವಾರಿಜಳಿಗೆ ಹದಿನೈದು ತುಂಬಿತು. ನಮ್ಮೂರಿನಲ್ಲಿ ಮೊದಲ ಸಲ ಕೇಳಲು ಹೋಗುವುದು ಮಕ್ಕಳಿಗೆ ಒಂದು ಸಂಭ್ರಮ. ಹೊಸ ಬಟ್ಟೆ, ಮುಡಿಗೆ ಹೂವು, ಬಂದ ಮೇಲೆ ಗೆಳತಿಯರಿಗೆ ಅವಲಕ್ಕಿ. ಅವಳ ಗೆಳತಿ ಸಬೀನಾ ಹಿಂದಿನ ವಾರವಷ್ಟೇ ಫ್ಲೋರಾ ಮೇಡಂ ಕಿಟಕಿಯಲ್ಲಿ ಬೆಳಿಗ್ಗೆಯಿಂದ ಕೂತು, ನಕ್ಕೂ ನಕ್ಕೂ ಗಂಟಲು ಕಟ್ಟಿಕೊಂಡು ಹೋಗಿದ್ದಳು. ಜೊತೆಗೆ ಕೂತು ನೋಡಿದ್ದ ವಾರಿಜಳೂ ಅದೇ ಕಿಟಕಿಗೆ ಹೋಗಬೇಕಿತ್ತು. ನಾನು ಬಿಡಲಿಲ್ಲ. ಮಗಳಿಗೆ ಅಪ್ಪನೇ ಹುಡುಕಿಕೊಡಬೇಡವೇ ಎಂದು ದೊಡ್ಡ ದನಿಯಲ್ಲಿ ಹೇಳಿ ನನ್ನ ಕಿಟಕಿಗೇ ಕರೆಸಿಕೊಂಡೆ. ಅವಳಿಗೆ ಅದೂ ಹೆಮ್ಮೆಯೇ ಆಯಿತು. ಎಲ್ಲರ ಹೆಸರನ್ನೂ ಮುಂಚೆ ನೋಡಿಟ್ಟುಕೊಳ್ಳುವ ನಾನು ಅವಳ ಹೆಸರನ್ನು ನೋಡಲಿಲ್ಲ. ಧೈರ್ಯವಾಗಲಿಲ್ಲ. ನನ್ನ ಕಣ್ಣಿಗೆ ಯಂತ್ರದ ತುಂಬ ಆ ಒಂದೇ ಸಾಲು ಇತ್ತು.

ಹಸಿರು ಲಂಗ ಉಟ್ಟು ಬಂದಳು. ಪ್ರಭಾವತಿ ಕಾರ್ಖಾನೆಗೆ ಅರ್ಧ ದಿನದ ರಜೆ ಹಾಕಿ ಹಿಂದೆ ನಿಂತಿದ್ದಳು. ನಾನು ಡಬ್ಬಿಯಲ್ಲಿ ಅವಳ ಹೆಸರು ಹಾಕಿದೆ. ಹೊಡೆದೆ: ಗ್ರೆಪ್ '$ಯಾರು' ಮಾತು. ಪರದೆ ಖಾಲಿ. ಏನೂ ಬಂದಿಲ್ಲ ಕಂದ ಎಂದು ನಕ್ಕೆ, ತಾಯಕ್ಕನಿಗೆ ಹೇಳಿದ ದನಿಯಲ್ಲೇ.

ಅವಳು ಇನ್ನೂ ಬರುತ್ತದೇನೋ ಎಂಬಂತೆ ಪರದೆಯನ್ನೇ ನೋಡುತ್ತಿದ್ದಳು. ಆಮೇಲೆ ಕೇಳಿದಳು: ‘ಒಂದೂ ಇಲ್ವಾ ಅಪ್ಪ? ಇಷ್ಟು ವರ್ಷದಲ್ಲಿ ನಮ್ಮನೇಲಿ ಯಾರೂ ನನ್ನ ಹೆಸರೇ ಹಿಡಿದು ಕರೆದಿಲ್ವಾ?’

ಆಗ ನನಗೆ ಹೊಳೆಯಿತು. ಅಜ್ಜಿಯ ಹೆಸರನ್ನು ಯಾರೂ ಹೇಳದಿರಬಹುದು. ಮಗುವಿನ ಹೆಸರನ್ನು ದಿನಕ್ಕೆ ಎಷ್ಟು ಸಲ ಕೂಗುತ್ತಾರೆ. ಎದ್ದೇಳು, ತಲೆ ಬಾಚಿಕೋ, ಊಟಕ್ಕೆ ಬಾ, ಎಲ್ಲಕ್ಕೂ ಮುಂದೆ ಹೆಸರು. ಸಬೀನಾ ಬೆಳಿಗ್ಗೆಯಿಂದ ಕೂತು ಕೇಳಿದ್ದು ಅದನ್ನೇ. ಒಂದು ಸಾಲನ್ನು ಮುಚ್ಚಲು ಹೋಗಿ ಅವಳ ಹದಿನೈದು ವರ್ಷವನ್ನೂ ತಗಡಿನ ಮುಚ್ಚಳದ ಕೆಳಗೆ ತಳ್ಳಿದ್ದೆ. ಆಗಲಾದರೂ ಬೆರಳು ತಪ್ಪಿತು ಎಂದು ಇನ್ನೊಮ್ಮೆ ಹೊಡೆಯಬಹುದಿತ್ತು. ಆ ಸಾಲು ನೆನಪಾಯಿತು. ‘ಬರದೇ ಇದ್ರೆ ಒಳ್ಳೇದೇ ಅಲ್ವಾ,’ ಎಂದೆ. ಪ್ರಭಾವತಿ ನನ್ನ ಮುಖ ನೋಡಿದಳು. ಅವಳಿಗೆ ಕೊಕ್ಕೆಯ ವಿಚಾರ ಗೊತ್ತಿರಲಿಲ್ಲ, ನನ್ನ ಮುಖದ ವಿಚಾರ ಗೊತ್ತಿತ್ತು. ವಾರಿಜ ಮುಡಿಯ ಹೂವನ್ನು ಕಚೇರಿಯ ಬಾಗಿಲಲ್ಲೇ ತೆಗೆದಳು. ಅವಲಕ್ಕಿ ಪಾತ್ರೆಯಲ್ಲೇ ಉಳಿಯಿತು.

ಅದಾದ ಮೇಲೆ ಅವಳು ಮನೆಯಲ್ಲಿ ಮಾತು ಕಡಿಮೆ ಮಾಡಿದಳು. ಕೇಳಿದ್ದಕ್ಕೆ ಹೂಂ, ಉಹೂಂ. ನಾನು ಇದ್ದಕ್ಕಿದ್ದಂತೆ ವಾರಿಜ, ವಾರಿಜ ಎಂದು ಕೂಗಲು ಶುರುಮಾಡಿದೆ. ವಾರಿಜ ನೀರು ಕೊಡು, ವಾರಿಜ ಕಿಟಕಿ ಹಾಕು. ನನ್ನ ಕಿವಿಗೇ ನಾಟಕದ ಹಾಗೆ ಕೇಳಿಸುತ್ತಿತ್ತು. ಅವಳು ನೀರು ಕೊಡುತ್ತಿದ್ದಳು, ಕಿಟಕಿ ಹಾಕುತ್ತಿದ್ದಳು. ಪ್ರಭಾವತಿ ಒಂದು ದಿನ ಅಂಗೈ ಬಗ್ಗಿಸಿ ತೋರಿಸಿದಳು. ಗಿರಣಿಗೆ ಹೊತ್ತಾಯಿತು ಎಂದು ನಾನು ಹೊರಟೆ.

ಹಾಲಪ್ಪಜ್ಜ ಬಂದದ್ದು ಅದೇ ತಿಂಗಳು. ಹಳೆಯ ದರ್ಜಿ, ಊರಿನ ಅರ್ಧ ಜನರ ಅಂಗಿಯ ಅಳತೆ ಅವರಿಗೆ ಬಾಯಿಪಾಠ. ಹೆಂಡತಿ ತೀರಿಕೊಂಡ ಮೇಲೆ ಮಗನ ಮನೆಯಲ್ಲಿದ್ದರು. ಪ್ರತಿ ವರ್ಷ ತಪ್ಪದೆ ಬರುತ್ತಿದ್ದರು, ಪ್ರತಿ ವರ್ಷ ನಾನು ಒಂಟಿ ಕೊಕ್ಕೆ ಹಾಕಿ ಕಳಿಸುತ್ತಿದ್ದೆ. ಅವರ ಹೆಸರಿನಲ್ಲಿ ಇದ್ದದ್ದು ಒಂದೇ ಸಾಲು, ಮಗ ಆಡಿದ್ದು. ಮುದುಕನಿಗೆ ಅದನ್ನು ಯಾಕೆ ಓದಿ ಹೇಳಲಿ ಎಂಬುದು ನನ್ನ ದೊಡ್ಡಸ್ತಿಕೆ.

ಅವತ್ತು ಕಚೇರಿಯ ತುಂಬ ಜನ. ಹಾಲಪ್ಪಜ್ಜ ಕನ್ನಡಕ ಒರೆಸಿಕೊಂಡು ಪರದೆಯ ಹತ್ತಿರ ಬಾಗಿದರು. ಕೈ ತನ್ನಷ್ಟಕ್ಕೆ ಹೊಡೆಯಿತು: ಗ್ರೆಪ್ '$ಯಾರು' ಮಾತು. ಏನೂ ಇಲ್ಲ ಅಜ್ಜ ಎನ್ನಲು ಬಾಯಿ ತೆರೆದಿದ್ದೆ. ಪರದೆಯ ಮೇಲೆ ಒಂದು ಸಾಲು ಬಂತು.

ಹುಡುಕುವ ಕೆಲಸಕ್ಕೆ ಸೇರಿದ ಮೇಲೆ ಒಂಟಿ ಕೊಕ್ಕೆಗೆ ಉತ್ತರ ಬಂದದ್ದು ಅದೇ ಮೊದಲು. ಸಾಲಿನ ತಲೆಗೆ ನಲವತ್ತಾರು ಎಂದಿತ್ತು. ನಿಯಮದ ಪ್ರಕಾರ ನಾನು ಓದಬೇಕಿತ್ತು. ಹಾಲಪ್ಪಜ್ಜನೇ ಸೂಜಿಗೆ ದಾರ ಪೋಣಿಸುವವರ ಹಾಗೆ ಕಣ್ಣು ಕಿರಿದು ಮಾಡಿ, ಒಂದೊಂದೇ ಪದವಾಗಿ ಓದಿದರು: ‘ಅಪ್ಪ, $ಯಾರು ಅಂತ ಹುಡುಕಿದಾಗೆಲ್ಲ ಇನ್ಮೇಲೆ ನಿನಗೆ ಈ ಸಾಲು ಸಿಗುತ್ತೆ. ಅವತ್ತು ನೀನು ನನ್ನ ಹೆಸರನ್ನ ಹುಡುಕಲೇ ಇಲ್ಲ. ಎಷ್ಟೇ ಕೆಟ್ಟದಿರಲಿ, ನನಗೆ ತೋರಿಸು.’

ಡಾಲರ್ ಗುರುತಿನ ಹತ್ತಿರ ಅವರು ತಡವರಿಸಿ, ಇದೇನೋ ಕೊಂಡಿ ಇದೆ ಎಂದರು. ವಾರಿಜ ಮನೆಯಲ್ಲಿ ಒಬ್ಬಳೇ ಇದ್ದಾಗ ಗೋಡೆಗೆ ಮುಖ ಮಾಡಿ ಅದನ್ನು ಹೇಳಿರಬೇಕು. ಡಾಲರ್ ಎಂದು ಬಾಯಿಬಿಟ್ಟು ಹೇಳಿದರೆ ಯಂತ್ರ ಅದರ ಗುರುತನ್ನೇ ಬರೆಯುತ್ತದೆ ಎಂದು ಅವಳಿಗೆ ಗೊತ್ತಿತ್ತು. ನನ್ನ ಸುಳ್ಳು ಎಲ್ಲಿ ಹುಡುಕುತ್ತದೋ ಸರಿಯಾಗಿ ಅಲ್ಲಿ ತಂದು ಇಟ್ಟಿದ್ದಳು.

ಹಾಲಪ್ಪಜ್ಜ ಕನ್ನಡಕ ತೆಗೆದು ನನ್ನ ಕಡೆ ತಿರುಗಿದರು. ‘ಇದು ನನ್ನ ಹೆಸರಿಗೆ ಬಂದ ಸಾಲಲ್ಲ. ಹಾಗಾದ್ರೆ ನೀನು ಹುಡುಕಿದ್ದು ಏನಪ್ಪ?’

ಕೊಕ್ಕೆ ಬದಲಾಯಿಸಿ, ಜೋಡಿ ಹಾಕಿ ಹೊಡೆದೆ. ಅವರ ಒಂದೇ ಸಾಲು ಬಂತು. ಈ ಸಲ ನಾನೇ ಓದಿದೆ. ಹಾಲಪ್ಪ ಸತ್ತರೆ ಆ ಹೊಲಿಗೆ ಯಂತ್ರ ಮಾರಿ ಜಾಗ ಖಾಲಿ ಮಾಡಬಹುದು, ಎಂದು ಅವರ ಮಗ ಹೆಂಡತಿಗೆ ಹೇಳಿದ ಮಾತು. ಓದಿ ಮುಗಿಸಿ ತಲೆ ಎತ್ತಲಾಗದೆ ಕೀಲಿಮಣೆ ನೋಡುತ್ತ ಕೂತೆ.

‘ಇಷ್ಟೇನಾ?’ ಎಂದರು ಅಜ್ಜ. ‘ಇದನ್ನ ಅವನು ನನ್ನ ಮುಖಕ್ಕೇ ಹೇಳಿದಾನಲ್ಲೋ. ಸೇತುವೆ ಮೇಲೆ ಇಬ್ರೂ ಕಿತ್ತಾಡಿ ಮುಗಿದೂ ಹೋಯ್ತು.’ ಆಮೇಲೆ ದನಿ ತಗ್ಗಿಸಿ ಹೇಳಿದರು: ‘ಮನೇಲಿ ಬಯ್ಯೋದಕ್ಕೂ ನನ್ನ ಹೆಸರು ನೆನಪಾಗಲ್ಲ ಅಂದ್ಕೊಂಡು ವರ್ಷವರ್ಷವೂ ಇಲ್ಲಿಂದ ಹೋಗ್ತಿದ್ದೆ ಧರಣಪ್ಪ.’

ಅವರು ಬಯ್ಯಲಿಲ್ಲ. ಯಾರೂ ಬಯ್ಯಲಿಲ್ಲ, ಕಚೇರಿಗೂ ಸೂರಿದೆ. ನನ್ನ ಮುಂದಿನ ಸರದಿ ಸದ್ದಿಲ್ಲದೆ ಕರಗಿ ಫ್ಲೋರಾ ಮೇಡಂ ಕಿಟಕಿಯ ಮುಂದೆ ನಿಂತಿತು. ಕೊನೆಗೆ ಉಳಿದವಳು ತಾಯಕ್ಕ. ನಾಳೆಯ ಸರದಿಗೆ ಹೆಸರು ಕೊಡಲು ಬಂದಿದ್ದಳು. ಕೈಯಲ್ಲಿ ನುಗ್ಗೆಕಾಯಿ. ಅದನ್ನು ನನ್ನ ಕಿಟಕಿಯಲ್ಲಿ ಇಡಬೇಕೋ ಬೇಡವೋ ಎಂದು ತಿಳಿಯದೆ ಇಟ್ಟು, ತಿರುಗಿ ತೆಗೆದುಕೊಂಡು, ಅವಳೂ ಆ ಕಡೆ ಹೋದಳು. ಹೊತ್ತು ಇಳಿದ ಮೇಲೆ ಕಚೇರಿಯ ಹಿಂದಿನ ಕಿಂಡಿಯಿಂದ ನೋಡಿದೆ. ಸೇತುವೆಯ ಮೇಲೆ ಅವರೆಲ್ಲ ನಿಂತಿದ್ದರು. ಕೈಗಳು ಗಾಳಿಯಲ್ಲಿ ಆಡುತ್ತಿದ್ದವು. ಯಾರ ವಿಚಾರ ಎಂದು ಕೇಳಲು ಯಂತ್ರ ಬೇಕಿರಲಿಲ್ಲ.

ಫ್ಲೋರಾ ಮೇಡಂ ಬೀಗ ಹಿಡಿದು ಬಂದರು. ವಾರಿಜ ಮೊನ್ನೆ ಬಂದು ಕೊಕ್ಕೆಗಳ ವ್ಯತ್ಯಾಸ ಕೇಳಿದ್ದಳಂತೆ. ಸಬೀನಾಳ ಸಲ ಪರದೆಯ ಮೇಲೆ ಜೋಡಿ ಇತ್ತು, ನನ್ನ ಸಲ ಒಂಟಿ ಇತ್ತು, ಯಾಕೆ ಎಂದು. ಮೇಡಂ ತಮ್ಮ ಊಟದ ಡಬ್ಬಿಯನ್ನೇ ಇಟ್ಟು, ಮುಚ್ಚಳ ತೆಗೆದು ಹಾಕಿ ತೋರಿಸಿದ್ದರು. ಯಾಕೆ ಎಂಬುದಕ್ಕೆ ಉತ್ತರ ನಿಮ್ಮಪ್ಪನ ಹತ್ತಿರ ಇದೆ ಎಂದು ಕಳಿಸಿದ್ದರು. ಅವಳಿಗೆ ಈಗ ತೋರಿಸಬೇಕು ಎಂದರೂ ಈ ವರ್ಷದ್ದು ಮುಗಿದುಹೋಯಿತಲ್ಲ ಎಂದು ನಾನು ಗೊಣಗಿದೆ. ನಿಯಮದ ಹಿಂದೆ ಅವಿತುಕೊಳ್ಳುವ ಆಸೆ ಆಗಲೂ ಹೋಗಿರಲಿಲ್ಲ ನನಗೆ.

‘ಯಾರು ಹೇಳಿದ್ದು ಮುಗೀತು ಅಂತ?’ ಎಂದರು ಮೇಡಂ. ‘ನೀವು ಅವತ್ತು ಹುಡುಕಿದ್ದು ಅವಳ ಹೆಸರನ್ನಲ್ಲ. ಅವಳು ಇನ್ನೂ ಕೇಳೇ ಇಲ್ಲ. ನಾಳೆ ಬೆಳಿಗ್ಗೆ ಕಳಿಸಿ, ನನ್ನ ಕಿಟಕಿಗೆ.’

ಕಳಿಸಲಿಲ್ಲ, ಕರೆದುಕೊಂಡು ಹೋದೆ. ನನ್ನ ಕಿಟಕಿಗೆ ಚಿಲಕ ಹಾಕಿ, ಮೇಡಂ ಕಿಟಕಿಯ ಹೊರಗಡೆ, ಕೇಳುವವರ ಬೆಂಚಿನ ಮೇಲೆ ಕೂತೆ. ಅಲ್ಲಿಂದ ಪರದೆ ಎಷ್ಟು ಎತ್ತರದಲ್ಲಿ ಕಾಣುತ್ತದೆ ಎಂದು ಅವತ್ತೇ ಗೊತ್ತಾದದ್ದು. ವಾರಿಜ ಶಾಲೆಯ ಬಟ್ಟೆಯಲ್ಲೇ ಬಂದಿದ್ದಳು, ನನ್ನಿಂದ ಒಂದು ಮೊಳ ಬಿಟ್ಟು ಕೂತಳು.

ಮೇಡಂ ಜೋಡಿ ಕೊಕ್ಕೆ ಹಾಕಿ ಹೊಡೆದರು. ಸಾಲುಗಳು ಸೋಸಿದ ಅಕ್ಕಿಯ ಹಾಗೆ ಸುರಿದವು. ಮೊದಲಿನಿಂದ ಓದತೊಡಗಿದರು, ಎಲ್ಲಕ್ಕೂ ಒಂದೇ ದನಿ. ವಾರಿಜ ಅಂತ ಇಡೋಣ, ನಮ್ಮಜ್ಜಿ ಹೆಸರು. ಶ್, ವಾರಿಜ ಈಗ ತಾನೇ ಮಲಗಿದಾಳೆ. ವಾರಿಜನ ಹಲ್ಲು ನೋಡೇ ಪ್ರಭಾ, ಅಕ್ಕಿಕಾಳು ಕಂಡ ಹಾಗಿದೆ. ವಾರಿಜ, ಬೆಕ್ಕಿಗೆ ತುಪ್ಪ ಹಾಕಬೇಡ. ವಾರಿಜ ಹಾಡು, ಅಪ್ಪ ಕೇಳ್ತೀನಿ. ನಲವತ್ತಾರು, ನಲವತ್ತಾರು, ನಲವತ್ತಾರು. ನಾನು ಆಡಿದ್ದು ಎಂದು ನನಗೇ ನೆನಪಿಲ್ಲದ ಮಾತುಗಳು. ವಾರಿಜ ಒಂದೆರಡು ಕಡೆ ನಕ್ಕಳು. ಬೆಕ್ಕಿನ ಹತ್ತಿರ ಇಬ್ಬರೂ ನಕ್ಕೆವು.

ಯಂತ್ರ ದಿನದ ಕ್ರಮದಲ್ಲಿ ಬರೆಯುತ್ತದೆ, ಹುಡುಕಿದರೂ ಅದೇ ಕ್ರಮದಲ್ಲಿ ಕೊಡುತ್ತದೆ. ಗಿರಣಿಯ ಪಾಳಿ ಶುರುವಾದ ವರ್ಷಕ್ಕೆ ಬಂದಾಗ ನನಗೆ ಅದು ಕೇಳಿಸತೊಡಗಿತು. ಸಾಲುಗಳೇನೋ ಇದ್ದವು, ಎಲ್ಲ ಪ್ರಭಾವತಿಯದು. ವಾರಿಜ ತಲೆ ಬಾಚ್ಕೋ. ವಾರಿಜ ಪಾಠ ಓದಿದೆಯಾ. ವಾರಿಜ ಜ್ವರ ನೋಡೋಣ ಬಾ. ನಡುವೆ ನನ್ನದು ಎಂದು ಸಿಗುತ್ತಿದ್ದದ್ದು ಒಂದೇ: ‘ವಾರಿಜ ಮಲಗಿದಳಾ?’ ಮೇಡಂ ಓದಿದರು. ಪ್ರಭಾವತಿಯದೊಂದಷ್ಟು. ಮತ್ತೆ, ವಾರಿಜ ಮಲಗಿದಳಾ? ಮತ್ತೊಂದಷ್ಟು. ವಾರಿಜ ಮಲಗಿದಳಾ? ಒಂದೇ ದನಿಯಲ್ಲಿ ಓದುವ ಮೇಡಂ ಕೂಡ ಆ ಸಾಲಿಗೆ ಬಂದಾಗಲೆಲ್ಲ ಉಸಿರು ಎಳೆದುಕೊಳ್ಳುತ್ತಿದ್ದರು. ನಾನು ಇಷ್ಟು ದಿನ ಒಂದು ಸಾಲಿಗೆ ಹೆದರಿದ್ದೆ. ಇದರ ನೆನಪೇ ನನಗಿರಲಿಲ್ಲ. ನೆಲ ನೋಡಿದೆ. ನನ್ನ ಚಪ್ಪಲಿಯ ಅಂಚಿನಲ್ಲಿ ಹಿಟ್ಟು ಕಟ್ಟಿಕೊಂಡಿತ್ತು.

ಆ ಸಾಲೂ ಬಂತು. ಮೇಡಂ ಉಳಿದದ್ದನ್ನು ಓದಿದಂತೆಯೇ ಅದನ್ನೂ ಓದಿದರು, ತಡೆಯದೆ, ಅವಸರ ಮಾಡದೆ. ಈ ವಾರಿಜ ಒಬ್ಬಳು ಇಲ್ದೇ ಇದ್ದಿದ್ರೆ. ನನಗೆ ಕಿವಿ ಮುಚ್ಚಿಕೊಳ್ಳಬೇಕೆನಿಸಿತು. ವಾರಿಜ ಕೈ ಎತ್ತಿ ಸಾಕು ಎಂಬಂತೆ ತೋರಿಸಿದಳು. ಮೇಡಂ ನಿಲ್ಲಿಸಿದರು. ಅವಳು ಪರದೆಯ ಮೇಲಿದ್ದ ಅದನ್ನು ತಾನೇ ಇನ್ನೊಮ್ಮೆ ಓದಿಕೊಂಡಳು, ತುಟಿ ಅಲುಗುತ್ತಿತ್ತು. ಕಾರ್ಖಾನೆ ಮುಗಿಸಿ ತಡಿಕೆಯ ಈಚೆ ಬಂದು ನಿಂತಿದ್ದ ಪ್ರಭಾವತಿ ಏನೋ ಹೇಳಲು ಹೋಗಿ, ಮೇಲೆ ಸೂರು ನೋಡಿ, ಸುಮ್ಮನಾದಳು.

ನಾನು ಕ್ಷಮಿಸು ಎನ್ನಬೇಕೆಂದುಕೊಂಡೆ. ಅದನ್ನೂ ಯಂತ್ರ ಬರೆದುಕೊಳ್ಳುತ್ತದೆ, ಮುಂದಿನ ವರ್ಷ ಹುಡುಕಿದರೆ ಆ ಸಾಲಿನ ಕೆಳಗೆ ಇದೂ ಸಿಗುತ್ತದೆ, ಲೆಕ್ಕ ಸರಿಹೋಗುತ್ತದೆ ಎಂಬ ಯೋಚನೆ ಬಂತು. ಅಂಥ ಹೊತ್ತಿನಲ್ಲೂ ಅಂಥ ಯೋಚನೆ ಬಂತು. ಬಾಯಿ ಮುಚ್ಚಿಕೊಂಡೆ.

ವಾರಿಜ ಎದ್ದು ನಿಂತಳು. ಅಂಗೈ ಬಗ್ಗಿಸಿ ತೋರಿಸಲಿಲ್ಲ. ಬಾಯಿಬಿಟ್ಟೇ ಹೇಳಿದಳು:

‘ಅಪ್ಪ, ಸೇತುವೆಗೆ ಹೋಗೋಣ ಬಾ.’

ಗಿರಣಿಯ ಹೊತ್ತಾಗಿತ್ತು. ಕೆಲಸಕ್ಕೆ ಬಾರದವನ ಜಾಗಕ್ಕೆ ಅಲ್ಲಿ ಇನ್ನೊಬ್ಬ ಕಾದಿರುತ್ತಾನೆ. ನಾನು ಚಪ್ಪಲಿ ಮೆಟ್ಟಿಕೊಂಡೆ. ದಾರಿ ನಾನು ನೆನೆದಷ್ಟು ದೂರವಿರಲಿಲ್ಲ. ಅವಳು ಮುಂದೆ, ನಾನು ಹಿಂದೆ. ಸೇತುವೆಯ ಮೇಲೆ ನನ್ನನ್ನೇ ಬಯ್ಯುತ್ತಿದ್ದ ಮಂದಿ ನಮ್ಮನ್ನು ಕಂಡು ಮಾತು ನಿಲ್ಲಿಸಿದರು. ಹಾಲಪ್ಪಜ್ಜ ತಾವು ಕೂತಿದ್ದ ಬೆಂಚು ಬಿಟ್ಟುಕೊಟ್ಟು ಆಚೆಯ ಕಂಬದ ಹತ್ತಿರ ಹೋದರು. ಯಂಕೋಬ ಮುಖ ನೋಡದೆ ಎರಡು ಲೋಟ ಇಟ್ಟು ಹೋದ.

ಅಲ್ಲಿ ಅವಳು ಹೇಳಿದ್ದು ಯಂತ್ರದಲ್ಲಿಲ್ಲ. ನಾನೂ ಇಲ್ಲಿ ಬರೆಯುವುದಿಲ್ಲ. ಮೊದಲು ನಿಧಾನವಾಗಿ, ಆಮೇಲೆ ದೊಡ್ಡ ದನಿಯಲ್ಲಿ, ಕೊನೆಗೆ ಅಳುತ್ತ ಹೇಳಿದಳು. ನಡುವೆ ಒಮ್ಮೆ ನಾನು ಗಿರಣಿ, ಫೀಸು ಎಂದು ಏನೋ ತೆಗೆದೆ. ‘ಈಗ ನೀನು ಕೇಳು’ ಎಂದಳು. ಕೇಳಿದೆ. ಟೀ ತಣ್ಣಗಾಯಿತು. ಮಂದಿ ಒಬ್ಬೊಬ್ಬರಾಗಿ ಊರ ಕಡೆ ಹೋದರು. ಅವಳು ಮೂಗೊರೆಸಿಕೊಂಡು ಎದ್ದಳು, ನಾನೂ ಎದ್ದೆ. ಮುಗಿಯಿತೆಂದುಕೊಂಡು ಇಬ್ಬರೂ ಸೇತುವೆ ಇಳಿಯುವ ತನಕ ಬಂದೆವು.

ಕೊನೆಯ ಕಂಬದ ಹತ್ತಿರ ಅವಳು ನಿಂತಳು. ‘ಇನ್ನೂ ಇದೆ ಅಪ್ಪ,’ ಎಂದಳು.

ನನ್ನ ಕಾಲು ನೋಯುತ್ತಿತ್ತು. ಬೆಂಚಿಗೆ ವಾಪಸು ಹೋದೆವು.